ಎಚ್.ಎನ್. ಅವರ ಎಳವೆಯ ಪುಸ್ತಕ: ಮುಖಪುಟದಲ್ಲಿ ಟೋಪಿ ಇರಬೇಕೆ, ಬೇಡವೆ?

ಪಿನಾಕಿನಿ ದಂಡೆ (ಗೌರಿಬಿದನೂರು)

ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ 1920ರ ಜೂನ್ 6ರಂದು ಹುಟ್ಟಿದ ಶಿಕ್ಷಣತಜ್ಞ, ವಿಚಾರವಾದಿ ಡಾ. ಎಚ್. ನರಸಿಂಹಯ್ಯನವರ (ಎಚ್.ಎನ್.) ಮೊದಲ ಇಪ್ಪತ್ತಾರು ವರ್ಷಗಳ ಬದುಕನ್ನು ಕುರಿತು ನಾವು ಕೆಲವು ಗೆಳೆಯರು ಸೇರಿ ಒಂದು ಪುಸ್ತಕ ತರುತ್ತಿದ್ದೇವೆ. ಬರವಣಿಗೆ ಮುಗಿದಿದೆ. 1946ರಲ್ಲಿ ಅವರು ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಭೌತಶಾಸ್ತ್ರದ ಅಧ್ಯಾಪಕರಾಗಿ ಸೇರುವಲ್ಲಿಗೆ ಕಥನ ನಿಲ್ಲುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಹುದ್ದೆಯಾಗಲಿ, ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಅವರು ರಚಿಸಿದ ಸಮಿತಿಯಾಗಲಿ ಇದರಲ್ಲಿ ಬರುವುದಿಲ್ಲ. ಓದುಗರು ಮುಖ್ಯವಾಗಿ ಹೈಸ್ಕೂಲು ಮತ್ತು ಪಿಯುಸಿ ಮಕ್ಕಳು.

ಈಗ ಜಗಳ ಬಿದ್ದಿರುವುದು ವಿನ್ಯಾಸದ ವಿಚಾರದಲ್ಲಿ. ವಿನ್ಯಾಸಕರು ಕಳುಹಿಸಿದ ಮುಖಪುಟದಲ್ಲಿ ವಯಸ್ಸಾದ ಎಚ್.ಎನ್. ಖಾದಿ ಟೋಪಿ ಧರಿಸಿ ನಗುತ್ತಿದ್ದಾರೆ, ತಲೆಯ ಹಿಂದೆ ಕಿತ್ತಳೆ ಬಣ್ಣದ ಸೂರ್ಯ ಹುಟ್ಟುತ್ತಿದ್ದಾನೆ, ಕೆಳಗೆ ಒಂದು ಮೂಲೆಯಲ್ಲಿ ಚಡ್ಡಿ ಹಾಕಿದ ಹುಡುಗನೊಬ್ಬ ನಮಗೆ ಬೆನ್ನು ಮಾಡಿ ನಡೆಯುತ್ತಿದ್ದಾನೆ. ನಮ್ಮಲ್ಲಿ ಅರ್ಧ ಜನ ಇದನ್ನು ಬಹಳ ಮೆಚ್ಚಿದ್ದಾರೆ. ಇನ್ನರ್ಧ ಜನಕ್ಕೆ, ನನ್ನನ್ನೂ ಸೇರಿಸಿ, ಇದು ಗುರುಪೂರ್ಣಿಮೆಯ ಕರಪತ್ರದಂತೆ ಕಾಣುತ್ತಿದೆ. ಮುಖಪುಟ, ಅಳತೆ, ಅಕ್ಷರ, ಚಿತ್ರ ಇವುಗಳ ಬಗ್ಗೆ ತಿಳಿದವರು ದಯವಿಟ್ಟು ಹೇಳಿ.

ರೇಷ್ಮೆಗೂಡು (ಶಿಡ್ಲಘಟ್ಟ)

ಮೊದಲು ಆ ಸೂರ್ಯನನ್ನು ಇಳಿಸಿ.

ಅಚ್ಚುಮೊಳೆ (ಚಿಕ್ಕಬಳ್ಳಾಪುರ)

ಮುಖಪುಟದ ಮಾತು ಆಮೇಲೆ ಆಡೋಣ. ಪುಟ ಎಷ್ಟು, ಅಳತೆ ಯಾವುದು ಎಂಬುದನ್ನು ಮೊದಲು ತೀರ್ಮಾನಿಸದೆ ವಿನ್ಯಾಸಕ್ಕೆ ಕೈ ಹಾಕಿದರೆ ಕೊನೆಗೆ ಅಳುವವನು ಮುದ್ರಕ. ನಮ್ಮಲ್ಲಿ ರೂಢಿಯಲ್ಲಿರುವುದು ಡೆಮಿ 1/8, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಹದಿನಾರು ಪುಟಕ್ಕೆ ಒಂದು ಫಾರಂ. ನಿಮ್ಮದು 160 ಪುಟಕ್ಕೆ ನಿಂತರೆ ಸರಿಯಾಗಿ ಹತ್ತು ಫಾರಂ ಆಗುತ್ತದೆ. 163 ಪುಟವಾದರೆ ಮೂರು ಪುಟಕ್ಕಾಗಿ ಇನ್ನೊಂದು ಫಾರಮ್ಮಿಗೆ ಹೋಗಬೇಕು, ಅಥವಾ ಮುನ್ನುಡಿ ಬರೆದ ದೊಡ್ಡವರನ್ನು ಸ್ವಲ್ಪ ಕಡಿಮೆ ಮಾತಾಡಿ ಎಂದು ಬೇಡಿಕೊಳ್ಳಬೇಕು. ಎರಡನೆಯದು ಎಷ್ಟು ಕಷ್ಟ ಎಂಬುದು ಪ್ರಕಾಶನದಲ್ಲಿರುವ ಎಲ್ಲರಿಗೂ ಗೊತ್ತು.

ಕಾಗದ 70 ಜಿ.ಎಸ್.ಎಂ. (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೊ ಸಾಕು, ಆದರೆ ಒಳಗೆ ಫೋಟೊಗಳಿದ್ದರೆ ಹಿಂದಿನ ಪುಟದ ಮಸಿ ಇಣುಕುತ್ತದೆ, ಆಗ 80 ತೆಗೆದುಕೊಳ್ಳಿ. ಶಾಲೆಗಳಿಗೆ ಹೋಗುವ ಪುಸ್ತಕವಾದ್ದರಿಂದ ಬರೀ ಅಂಟು ಹಾಕಿ ಬೈಂಡ್ ಮಾಡಿಸಬೇಡಿ, ಫಾರಮ್ಮುಗಳನ್ನು ಹೊಲಿಸಿ. ಮಕ್ಕಳು ಪುಸ್ತಕವನ್ನು ನೂರೆಂಬತ್ತು ಡಿಗ್ರಿ ಮಡಚಿಯೇ ಓದುವುದು. ಅಂಟಿನ ಬೆನ್ನು ಒಂದು ವರ್ಷ ತಡೆಯುವುದಿಲ್ಲ.

ನಿವೃತ್ತ ಮೇಷ್ಟ್ರು (ಬಾಗೇಪಲ್ಲಿ)

ಟೋಪಿಯ ಪರವಾಗಿ ಒಂದು ಮಾತು ಹೇಳುತ್ತೇನೆ. ಪುಸ್ತಕದಂಗಡಿಯಲ್ಲಿಯೋ ಸಮ್ಮೇಳನದ ಮಳಿಗೆಯಲ್ಲಿಯೋ ನಿಂತವನು ದೂರದಿಂದ ಗುರುತಿಸುವುದು ಆ ಟೋಪಿಯನ್ನು, ಆ ಬಿಳಿ ಜುಬ್ಬವನ್ನು. ಗುರುತೇ ಸಿಗದ ಹುಡುಗನ ಚಿತ್ರ ಹಾಕಿದರೆ ಅದು ಇನ್ನೊಂದು ಮಕ್ಕಳ ಕಾದಂಬರಿ ಎಂದುಕೊಂಡು ಮುಂದೆ ಹೋಗುತ್ತಾರೆ. ಮುಖಪುಟದ ಮೊದಲ ಕೆಲಸ ಓದುಗನನ್ನು ನಿಲ್ಲಿಸುವುದು. ಸಿದ್ಧಾಂತವೆಲ್ಲ ಒಳಗಿನ ಪುಟಗಳಲ್ಲಿ ಇರಲಿ.

ಗೆರೆಬಳ್ಳಿ (ತುಮಕೂರು)

ಮೇಷ್ಟ್ರೇ, ನಿಮ್ಮ ಮಾತನ್ನು ಗೌರವಿಸಿಯೂ ಒಪ್ಪಲಾರೆ. ದೊಡ್ಡವರ ಎಳವೆಯನ್ನು ಬರೆಯುವ ಪುಸ್ತಕಗಳ ದೊಡ್ಡ ರೋಗವೇ ಇದು. ಹುಡುಗ ಗೋಲಿ ಆಡಿದರೂ ಅದರಲ್ಲಿ ಮುಂದಿನ ಕುಲಪತಿಯ ಲಕ್ಷಣ ಕಾಣಿಸುತ್ತಾರೆ. ಮುಖಪುಟದಲ್ಲಿ ಮುದುಕನ ಮುಖ, ಅದರ ಕೆಳಗೆ ಹುಡುಗನ ಬೆನ್ನು ಇಟ್ಟ ಕೂಡಲೇ ಕಥೆಯ ಕೊನೆ ಮೊದಲೇ ನಿರ್ಧಾರವಾಗಿತ್ತು ಎಂದು ಹೇಳಿದಂತಾಗುತ್ತದೆ. 1935ರಲ್ಲಿ ಓದು ಮುಂದುವರಿಸಲು ಎಂಬತ್ತು ಕಿಲೋಮೀಟರಿಗೂ ಹೆಚ್ಚು ದೂರ ಬೆಂಗಳೂರಿಗೆ ನಡೆದೇ ಹೋದ ಹುಡುಗನಿಗೆ ತಾನು ಮುಂದೆ ಏನಾಗುತ್ತೇನೆ ಎಂಬುದು ಗೊತ್ತಿರಲಿಲ್ಲ. ಅಲ್ಲಿ ಸೀಟು ಸಿಗದಿದ್ದರೆ, ಊಟ ಸಿಗದಿದ್ದರೆ ವಾಪಸು ಬರಬೇಕಾಗಿತ್ತು. ಆ ಅನಿಶ್ಚಯವೇ ಈ ಪುಸ್ತಕದ ಜೀವ. ಸೂರ್ಯ ಅದನ್ನು ಕೊಲ್ಲುತ್ತಾನೆ.

ಇನ್ನೂ ಒಂದು ಮಾತು. ತಲೆಯ ಹಿಂದೆ ಬೆಳಕಿನ ಚಕ್ರ ಹಾಕುವುದು ನಾವು ದೇವರಿಗೆ, ಬಾಬಾಗಳಿಗೆ ಮಾಡುವ ಅಲಂಕಾರ. ಜೀವಮಾನವಿಡೀ ಅದನ್ನೇ ಪ್ರಶ್ನಿಸಿದವರ ತಲೆಯ ಹಿಂದೆ ಅದನ್ನೇ ತಂದು ಕೂರಿಸಬೇಕೆ?

ನಿವೃತ್ತ ಮೇಷ್ಟ್ರು (ಬಾಗೇಪಲ್ಲಿ)

ಸೂರ್ಯನನ್ನು ನಾನೂ ಬಿಟ್ಟುಕೊಟ್ಟೆ. ಟೋಪಿಯನ್ನು ಬಿಡುವುದಿಲ್ಲ.

ಅಂತರಗಂಗೆ (ಕೋಲಾರ)

ಎಲ್ಲರೂ ಮುಖಪುಟದ ಮೇಲೆ ಮುಗಿಬಿದ್ದಿದ್ದೀರಿ. ಹಿಂಬದಿಯ ಪರಿಚಯದಲ್ಲಿ ‘ಚಿಕ್ಕಬಳ್ಳಾಪುರ ಜಿಲ್ಲೆಯ ಹೊಸೂರಿನಲ್ಲಿ ಹುಟ್ಟಿ’ ಎಂದು ಬರೆದಿದ್ದೀರೋ ಹೇಗೆ? ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ, ಅವರು ತೀರಿಕೊಂಡ ಮೇಲೆ. ಅವರು ಹುಟ್ಟಿದ್ದು ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯಲ್ಲಿ. ಇದು ಬರೀ ಕೋಲಾರದವರ ಹೊಟ್ಟೆಕಿಚ್ಚಿನ ಮಾತಲ್ಲ. ನೀವು ಒಳಪುಟದಲ್ಲಿ ನಕ್ಷೆ ಹಾಕುವುದಾದರೆ ಆ ಕಾಲದ ಗಡಿಗಳನ್ನೇ ಹಾಕಬೇಕಾಗುತ್ತದೆ.

ಜೊತೆಗೆ, ‘ಹೊಸೂರು’ ಎಂದಷ್ಟೇ ಬರೆದರೆ ಬೆಂಗಳೂರಿನ ಓದುಗರೆಲ್ಲ ತಮಿಳುನಾಡಿನ ಹೊಸೂರು ಎಂದುಕೊಳ್ಳುತ್ತಾರೆ. ನಮ್ಮ ಕಾಲೇಜಿನ ಒಂದು ವಿಚಾರ ಸಂಕಿರಣದಲ್ಲಿ ಭಾಷಣಕಾರರೊಬ್ಬರು ಬಾಲಕ ನರಸಿಂಹಯ್ಯ ಅತ್ತಿಬೆಲೆ ದಾಟಿ ನಡೆದು ಬಂದರು ಎಂದು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದನ್ನು ನಾನೇ ಕೇಳಿದ್ದೇನೆ. ಸಭೆ ಚಪ್ಪಾಳೆ ತಟ್ಟಿತು.

ರೇಷ್ಮೆಗೂಡು (ಶಿಡ್ಲಘಟ್ಟ)

ಅತ್ತಿಬೆಲೆಯೇ! ಇನ್ನು ಸ್ವಲ್ಪ ಬಿಟ್ಟಿದ್ದರೆ ಕೃಷ್ಣಗಿರಿಯಿಂದಲೇ ನಡೆಸಿಬಿಡುತ್ತಿದ್ದರು.

ಪಿನಾಕಿನಿ ದಂಡೆ (ಗೌರಿಬಿದನೂರು)

ಅಂತರಗಂಗೆಯವರೇ, ಹಿಂಬದಿಯಲ್ಲಿ ‘ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರು’ ಎಂದೇ ಹಾಕುತ್ತೇವೆ. ನಕ್ಷೆ ಬೇಕೆಂದೇ ನಮಗೂ ಆಸೆ. ಹೊಸೂರಿನಿಂದ ಬೆಂಗಳೂರಿನವರೆಗೆ ಎದುರುಬದುರು ಪುಟಗಳಲ್ಲಿ ಹರಡಿದ ಒಂದು ಗೆರೆ, ಅದರ ಮೇಲೆ ಊರುಗಳು. ವಿನ್ಯಾಸಕರು ಆ ಗೆರೆಯ ಪಕ್ಕದಲ್ಲಿ ರೈಲುಹಳಿಯನ್ನೂ ಬರೆದಿದ್ದಾರೆ, ಹುಡುಗ ಹಳಿಯ ಮಗ್ಗುಲಲ್ಲೇ ನಡೆದ ಎಂಬಂತೆ.

ಅಂತರಗಂಗೆ (ಕೋಲಾರ)

ಗೌರಿಬಿದನೂರಿನಿಂದ ಬೆಂಗಳೂರಿಗೆ ಆಗಲೇ ರೈಲು ಇತ್ತು ಎಂಬುದು ನಕ್ಷೆಯಲ್ಲಿ ಕಾಣಲೇಬೇಕು. ರೈಲು ಇದ್ದೂ ಹುಡುಗನೊಬ್ಬ ನಡೆದ ಎಂಬುದರಲ್ಲಿಯೇ ಬಡತನದ ಕಥೆ ಇದೆ. ಅದಕ್ಕೆ ಬೇರೆ ವಿವರಣೆ ಬೇಡ. ಆದರೆ ಹಳಿಯ ಮಗ್ಗುಲಲ್ಲಿ ಹೆಜ್ಜೆ ಗುರುತು ಬರೆಯಬೇಕಾದರೆ ಅದಕ್ಕೆ ಆಧಾರ ತೋರಿಸಿ. ಹಳಿಯನ್ನು ಹಳಿಯಾಗಿ ಬರೆಯಿರಿ, ದೊಡ್ಡಬಳ್ಳಾಪುರ, ಯಲಹಂಕ ಎಂದು ಊರುಗಳ ಚುಕ್ಕಿ ಇಡಿ, ನಡೆದ ದಾರಿ ಎಂಬ ಗೆರೆಯನ್ನು ಅವರ ಆತ್ಮಕಥೆ ಹೇಳಿದಷ್ಟಕ್ಕೆ ಮಾತ್ರ ಎಳೆಯಿರಿ. ದೂರವನ್ನು ಮೈಲಿಯಲ್ಲಿ ಹಾಕಿ. 1935ರಲ್ಲಿ ಇಲ್ಲಿ ಯಾರೂ ಕಿಲೋಮೀಟರು ಎಣಿಸುತ್ತಿರಲಿಲ್ಲ, ದಾರಿಬದಿಯ ಕಲ್ಲುಗಳೂ ಮೈಲಿಗಲ್ಲುಗಳೇ.

ಕಡಲೆಕಾಯಿ (ಚಿಂತಾಮಣಿ)

ಇಷ್ಟೆಲ್ಲ ಒದ್ದಾಟ ಯಾಕೆ? ಬಾಲ್ಯದ ಫೋಟೊ ಇಲ್ಲ ಎಂಬುದೇ ತೊಂದರೆಯಾದರೆ ಈಗ ಎ.ಐ. ಇದೆ. ಅವರ ನಂತರದ ಫೋಟೊ ಒಂದನ್ನು ಕೊಟ್ಟು ಹದಿನೈದು ವರ್ಷದ ಹುಡುಗನನ್ನಾಗಿ ಮಾಡು ಎಂದರೆ ಎರಡು ನಿಮಿಷದಲ್ಲಿ ಮಾಡಿಕೊಡುತ್ತದೆ. ನಾನು ಪ್ರಯತ್ನಿಸಿ ನೋಡಿದೆ. ಹೊಲದ ಬದುವಿನ ಮೇಲೆ ಸ್ಲೇಟು ಹಿಡಿದು ನಿಂತ ಹುಡುಗ, ಹಳೆಯ ಫೋಟೊದ ಕಂದು ಬಣ್ಣ, ಅಂಚಿನಲ್ಲಿ ಗೆದ್ದಲು ತಿಂದ ಗುರುತು ಸಮೇತ ಬಂದಿದೆ. ಚಿತ್ರವನ್ನು ಕೆಳಗೆ ಹಾಕಿದ್ದೇನೆ, ನೋಡಿ.

ಗೆರೆಬಳ್ಳಿ (ತುಮಕೂರು)

ನೋಡಿದೆ. ಸ್ಲೇಟಿನ ಮೇಲಿರುವುದು ಕನ್ನಡವೂ ಅಲ್ಲ, ತೆಲುಗೂ ಅಲ್ಲ. ಎರಡಕ್ಕೂ ಹೋಲುವ, ಯಾರೂ ಓದಲಾಗದ ಸುರುಳಿಗಳು. ಅಂಗಿಯ ಕಾಲರು ಇಸ್ತ್ರಿ ಮಾಡಿದ ಟೆರಿಕಾಟಿನದು. ಹೆಗಲಲ್ಲಿರುವ ಚೀಲಕ್ಕೆ ಜಿಪ್ಪು ಇದೆ.

ಇವನ್ನೆಲ್ಲ ನಾಳೆ ತಿದ್ದಬಹುದು ಎನ್ನುತ್ತೀರಿ, ಗೊತ್ತು. ನನ್ನ ತಕರಾರು ತಪ್ಪುಗಳ ಬಗ್ಗೆ ಅಲ್ಲ. ಗೆದ್ದಲು ತಿನ್ನದೇ ಗೆದ್ದಲಿನ ಗುರುತು ಹಾಕಿದ ಚಿತ್ರ ‘ನಾನು ಸಾಕ್ಷಿ’ ಎಂದು ಹೇಳುತ್ತದೆ, ಸಾಕ್ಷಿ ಅಲ್ಲದಿದ್ದರೂ. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರ ಪವಾಡಗಳನ್ನು ಪರೀಕ್ಷೆಗೆ ಒಡ್ಡಿ ಎಂದು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದುಕೊಂಡೇ ಸವಾಲು ಹಾಕಿದ ಮನುಷ್ಯನ ಪುಸ್ತಕದಲ್ಲಿ, ಶೂನ್ಯದಿಂದ ಸೃಷ್ಟಿಸಿದ ಫೋಟೊ! ಕೈಯಿಂದ ಬರೆದ ರೇಖಾಚಿತ್ರವಾದರೆ ಅದರ ಪ್ರತಿ ಗೆರೆಯೂ ‘ಇದು ಒಬ್ಬ ಕಲಾವಿದ ಊಹಿಸಿಕೊಂಡದ್ದು’ ಎಂದು ತಾನೇ ಒಪ್ಪಿಕೊಳ್ಳುತ್ತದೆ. ಓದುವ ಮಗುವಿಗೂ ಅದು ತಿಳಿಯುತ್ತದೆ.

ಕಡಲೆಕಾಯಿ (ಚಿಂತಾಮಣಿ)

ಕೆಳಗೆ ಸಣ್ಣ ಅಕ್ಷರದಲ್ಲಿ ‘ಕಾಲ್ಪನಿಕ ಚಿತ್ರ’ ಎಂದು ಹಾಕಿದರೆ ಮುಗಿಯಿತಲ್ಲ, ಗೆರೆಬಳ್ಳಿಯವರೇ. ನಿಮಗೆ ರೇಖಾಚಿತ್ರದ ಕೆಲಸ ಕೈತಪ್ಪುತ್ತದೆ ಎಂಬ ಚಿಂತೆಯೂ ಸ್ವಲ್ಪ ಇರಬಹುದು.

ಗೆರೆಬಳ್ಳಿ (ತುಮಕೂರು)

ಇದೆ, ಯಾಕೆ ಇರಬಾರದು? ಅದು ನನ್ನ ಅನ್ನ. ಆದರೆ ಸಣ್ಣ ಅಕ್ಷರದ ಮಾತನ್ನು ಯಾರೂ ಓದುವುದಿಲ್ಲ. ಚಿತ್ರ ಮಾತ್ರ ವಾಟ್ಸಾಪಿನಲ್ಲಿ ಹೊರಟು, ಮುಂದಿನ ಜೂನ್ 6ಕ್ಕೆ ‘ಎಚ್.ಎನ್. ಅವರ ಅಪರೂಪದ ಬಾಲ್ಯದ ಫೋಟೊ’ ಎಂದು ನಿಮಗೇ ವಾಪಸು ಬರುತ್ತದೆ. ಆಮೇಲೆ ಅದನ್ನು ಯಾರು ಅಳಿಸುತ್ತಾರೆ?

ಅಚ್ಚುಮೊಳೆ (ಚಿಕ್ಕಬಳ್ಳಾಪುರ)

ಈ ವಿಷಯದಲ್ಲಿ ನಾನು ಗೆರೆಬಳ್ಳಿಯವರ ಕಡೆ. ರೇಖಾಚಿತ್ರಕ್ಕೆ ಒಂದೇ ಬಣ್ಣದ ಮಸಿ ಸಾಕು, ಒರಟು ಕಾಗದದಲ್ಲೂ ಮುದ್ದಾಗಿ ಬೀಳುತ್ತದೆ, ಖರ್ಚೂ ಕಡಿಮೆ. ನಿಜವಾದ ಹಳೆಯ ಫೋಟೊ ಅಥವಾ ದಾಖಲೆ ಸಿಕ್ಕರೆ ಅವನ್ನೆಲ್ಲ ಸೇರಿಸಿ ನಡುವೆ ಎಂಟು ಪುಟ ಆರ್ಟ್ ಪೇಪರಿನಲ್ಲಿ ಹಾಕಿ. ದಾಖಲೆಯ ಜಾಗ ಬೇರೆ, ಊಹೆಯ ಜಾಗ ಬೇರೆ ಎಂಬುದು ಕಾಗದ ಮುಟ್ಟಿದರೇ ಗೊತ್ತಾಗುತ್ತದೆ.

ನಿವೃತ್ತ ಮೇಷ್ಟ್ರು (ಬಾಗೇಪಲ್ಲಿ)

ಅಚ್ಚುಮೊಳೆಯವರ ಈ ಸಲಹೆ ನನಗೆ ಬಹಳ ಹಿಡಿಸಿತು. ಆ ಎಂಟು ಪುಟಗಳಲ್ಲಿ ಒಂದನ್ನು ವಿದುರಾಶ್ವತ್ಥಕ್ಕೆ ಕೊಡಬೇಕು ಎಂಬುದು ನನ್ನ ಕೋರಿಕೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಅದೇ ತಾಲ್ಲೂಕಿನಲ್ಲಿ. ಸ್ಮಾರಕವಿದೆ, ನಾಗರಕಲ್ಲುಗಳಿವೆ, ಎಲ್ಲವೂ ಸೊಗಸಾದ ಚಿತ್ರಕ್ಕೆ ಒದಗುತ್ತವೆ.

ಪಿನಾಕಿನಿ ದಂಡೆ (ಗೌರಿಬಿದನೂರು)

ಮೇಷ್ಟ್ರೇ, ವಿದುರಾಶ್ವತ್ಥ ನಮ್ಮೂರಿನವರಿಗೆ ಎಷ್ಟು ಹತ್ತಿರದ್ದು ಎಂಬುದನ್ನು ನಾನು ಹೇಳಬೇಕಾಗಿಲ್ಲ. ವಿನ್ಯಾಸಕರೂ ಅಲ್ಲೊಂದು ಎರಡು ಪುಟದ ದೊಡ್ಡ ಚಿತ್ರ ಬರೆದು, ಜನಸಂದಣಿಯ ಮುಂದೆ ಬಾವುಟ ಹಿಡಿದ ಹುಡುಗನೊಬ್ಬನನ್ನು ನಿಲ್ಲಿಸಿದ್ದರು. ಅದನ್ನು ನಾವು ತೆಗೆಸಿದ್ದೇವೆ. ಅವರು 1935ರಲ್ಲೇ ಬೆಂಗಳೂರು ಸೇರಿದ್ದರು. ಆ ಹುಡುಗ ಅವರೇ ಎಂದು ಮಕ್ಕಳು ತಿಳಿಯುವುದು ಖಂಡಿತ. ಸ್ವಂತ ತಾಲ್ಲೂಕಿನಲ್ಲಿ ಇಂಥದ್ದು ನಡೆಯಿತು ಎಂದು ಬರಹದಲ್ಲಿ ಹೇಳಿದ್ದೇವೆ, ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಇರುವ ವ್ಯತ್ಯಾಸವನ್ನೂ ಹೇಳಿದ್ದೇವೆ. ಸ್ಮಾರಕದ ಇಂದಿನ ಫೋಟೊವನ್ನು, ತೆಗೆದ ವರ್ಷ ಹಾಕಿ, ಸೇರಿಸುವುದಕ್ಕೆ ಅಡ್ಡಿಯಿಲ್ಲ.

ನಿವೃತ್ತ ಮೇಷ್ಟ್ರು (ಬಾಗೇಪಲ್ಲಿ)

ಆಗಬಹುದು. ಆದರೆ ಚಳವಳಿಯ ಭಾಗ ಬಡವಾಗಬಾರದು. 1942ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಆನರ್ಸ್ ಓದುತ್ತಿದ್ದವರು ಓದು ಬಿಟ್ಟು ‘ಭಾರತ ಬಿಟ್ಟು ತೊಲಗಿ’ ಚಳವಳಿಗೆ ಇಳಿದು ಪುಣೆಯ ಯರವಾಡದ ಜೈಲನ್ನೂ ಕಂಡು ಬಂದರು. ಇಂದಿನ ಪಿಯುಸಿ ಮಕ್ಕಳು ಒಂದು ಸೆಮಿಸ್ಟರ್ ತಪ್ಪಿದರೆ ಆಕಾಶ ಕಳಚಿ ಬಿತ್ತು ಎನ್ನುವವರು. ಅವರಿಗೆ ಈ ಅಧ್ಯಾಯ ಎಲ್ಲಕ್ಕಿಂತ ಮುಖ್ಯ.

ರೇಷ್ಮೆಗೂಡು (ಶಿಡ್ಲಘಟ್ಟ)

ಪಿಯುಸಿಗೆ ಸೆಮಿಸ್ಟರ್ ಇಲ್ಲ ಮೇಷ್ಟ್ರೇ.

ನಿವೃತ್ತ ಮೇಷ್ಟ್ರು (ಬಾಗೇಪಲ್ಲಿ)

ಭಾವ ಗ್ರಹಿಸಿ, ರೇಷ್ಮೆಗೂಡಿನವರೇ.

ಒತ್ತಕ್ಷರ (ತಿಪಟೂರು)

ಇಷ್ಟು ಹೊತ್ತಾದರೂ ಅಕ್ಷರದ ಬಗ್ಗೆ ಯಾರೂ ಮಾತಾಡದಿರುವುದು ಆಶ್ಚರ್ಯ. ಓದುಗನ ಕಣ್ಣು ಮುಖಪುಟದ ಮೇಲೆ ಅರ್ಧ ನಿಮಿಷ ಇರುತ್ತದೆ, ಒಳಗಿನ ಅಕ್ಷರದ ಮೇಲೆ ಐದಾರು ಗಂಟೆ. ಪುಟ ಜೋಡಿಸುವಾಗ ನಾನು ದಿನವೂ ಕಾಣುವ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದಾಗಿ ಸಾಲುಗಳ ನಡುವಿನ ಅಂತರ. ಇಂಗ್ಲಿಷಿಗೆ ಮಾಡಿಟ್ಟ ಟೆಂಪ್ಲೇಟಿನಲ್ಲಿ 11 ಪಾಯಿಂಟ್ ಅಕ್ಷರಕ್ಕೆ 13 ಅಥವಾ 14 ಪಾಯಿಂಟ್ ಅಂತರ ಇರುತ್ತದೆ, ನಮ್ಮವರು ಅದರಲ್ಲೇ ಕನ್ನಡ ಸುರಿಯುತ್ತಾರೆ. ನಿಮ್ಮ ಪುಸ್ತಕದಲ್ಲಿ ‘ರಾಷ್ಟ್ರೀಯ’ ಎಂಬ ಪದ ಎಷ್ಟು ಸಲ ಬರಬಹುದು ಎಂದು ಯೋಚಿಸಿ. ‘ಷ್ಟ್ರೀ’ ಎಂಬ ಒಂದೇ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು. ಅದರ ಕೆಳಗಿನ ಸಾಲಿನಲ್ಲಿ ‘ಹಿಂದಿ’ಯೋ ‘ಕೀರ್ತಿ’ಯೋ ಬಂದರೆ ಮೇಲಿನ ಒತ್ತು ಕೆಳಗಿನ ಗುಡಿಸಿನ ತಲೆಯ ಮೇಲೆ ಕುಳಿತುಕೊಳ್ಳುತ್ತದೆ. 11 ಪಾಯಿಂಟಿಗೆ ಕನಿಷ್ಠ 16, ಮಕ್ಕಳ ಓದಿಗಾದರೆ 12ಕ್ಕೆ 18 ಕೊಡಿ. ಪುಟ ಹೆಚ್ಚುತ್ತದೆ ಎಂದು ಅಚ್ಚುಮೊಳೆಯವರು ಬೈದರೂ ಪರವಾಗಿಲ್ಲ.

ಎರಡನೆಯದು, ಎರಡೂ ಅಂಚು ಸಮ ಮಾಡುವ ಚಟ. ನಮ್ಮ ಪದಗಳು ಉದ್ದ, ವಿಭಕ್ತಿ ಸೇರಿದರೆ ಇನ್ನೂ ಉದ್ದ. ‘ಸ್ವಾತಂತ್ರ್ಯಹೋರಾಟಗಾರರೊಂದಿಗೆ’ ಎಂಬುದು ಸಾಲಿನ ಕೊನೆಯಲ್ಲಿ ಹಿಡಿಸದೆ ಕೆಳಗೆ ಇಳಿದರೆ, ಮೇಲಿನ ಸಾಲಿನಲ್ಲಿ ಉಳಿದ ಮೂರು ಪದಗಳ ನಡುವೆ ಗಾಡಿ ಓಡಿಸಬಹುದಾದಷ್ಟು ಜಾಗ ಬೀಳುತ್ತದೆ. ಬಲ ಅಂಚು ಏರುಪೇರಾಗಿರಲಿ ಬಿಡಿ.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ. ಬರವಣಿಗೆ ‘ನುಡಿ’ಯೋ ‘ಬರಹ’ವೋ ಎಂಬ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಆಗಿದ್ದರೆ, ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವತ್ತುಗಳು ಜಾಗ ಬದಲಿಸುತ್ತವೆ. ‘ಕಾಲೇಜ್‌ನಲ್ಲಿ’ ಎಂದು ಬಿಡಿಯಾಗಿರಬೇಕಾದದ್ದು ‘ಕಾಲೇಜ್ನಲ್ಲಿ’ ಎಂದು ಒತ್ತಾಗಿ ಕೂರುತ್ತದೆ. ಪರಿವರ್ತನೆಯ ನಂತರ ಕರಡು ತಿದ್ದಿಸಲೇಬೇಕು. ಮೊದಲೇ ತಿದ್ದಿದ್ದೇವೆ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಪುಟ ಜೋಡಿಸಲು ಇನ್‌ಡಿಸೈನ್ ತಂತ್ರಾಂಶ ಬಳಸುವವರು ಅದರಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡದಿದ್ದರೆ ಒತ್ತುಗಳು ಕಳಚಿ ಪಕ್ಕಕ್ಕೆ ಬೀಳುತ್ತವೆ, ಅದನ್ನೂ ನೋಡಿಕೊಳ್ಳಿ.

ಅಚ್ಚುಮೊಳೆ (ಚಿಕ್ಕಬಳ್ಳಾಪುರ)

ಬೈಯುವುದಿಲ್ಲ. 12ಕ್ಕೆ 18 ಕೊಟ್ಟರೆ 192 ಪುಟವಾಗಬಹುದು, ಅಂದರೆ ಹನ್ನೆರಡು ಫಾರಂ. ಓದಲು ಹಿಂಸೆಯಾಗುವ 160ಕ್ಕಿಂತ ಅದೇ ಮೇಲು. ಆದರೆ ಗ್ರಂಥಾಲಯದ ಸಗಟು ಖರೀದಿಯಲ್ಲಿ ಪುಟದ ಲೆಕ್ಕಕ್ಕೆ ದರ ಸಿಗುತ್ತದೆ ಎಂದು ಅಕ್ಷರ ಹಿಗ್ಗಿಸುವ ಪ್ರಕಾಶಕರ ಸಾಲಿಗೆ ನಿಮ್ಮನ್ನೂ ಸೇರಿಸಿ ಯಾರಾದರೂ ಆಡಿಕೊಂಡರೆ ನನ್ನನ್ನು ಕೇಳಬೇಡಿ.

ಕಡಲೆಕಾಯಿ (ಚಿಂತಾಮಣಿ)

ಶೀರ್ಷಿಕೆಗೆ ಬಲೂ ತಮ್ಮ ಫಾಂಟ್ ಹಾಕಿ, ದುಂಡಗೆ ಮುದ್ದಾಗಿದೆ, ಉಚಿತವೂ ಹೌದು.

ಒತ್ತಕ್ಷರ (ತಿಪಟೂರು)

ಅದು ಐಸ್‌ಕ್ರೀಂ ಅಂಗಡಿಯ ಫಲಕಕ್ಕೆ ಚೆನ್ನ, ಜೈಲಿಗೆ ಹೋಗಿ ಬಂದವರ ಪುಸ್ತಕಕ್ಕೆ ಅಲ್ಲ. ಟಿರೊ ಕನ್ನಡ ನೋಡಿ, ಅದೂ ಉಚಿತ. ಗೆರೆಯಲ್ಲಿ ದಪ್ಪ-ಸಣ್ಣ ಇದ್ದು ಹಳೆಯ ಮೊಳೆ ಅಚ್ಚಿನ ನೆನಪು ತರುತ್ತದೆ. ‘ನರಸಿಂಹಯ್ಯ’ ಎಂಬ ಹೆಸರನ್ನು ದೊಡ್ಡದಾಗಿ ಹಾಕಿ, ಕೊನೆಯ ಯಕಾರದ ಒತ್ತು ಹೇಗೆ ಕೂರುತ್ತದೆ ಎಂದು ಪರೀಕ್ಷಿಸಿ. ಮುಖಪುಟದಲ್ಲಿ ಕೆಡುವುದು ಅಲ್ಲೇ.

ಅಂತರಗಂಗೆ (ಕೋಲಾರ)

ಹಕ್ಕುಗಳ ಬಗ್ಗೆ ವಿಚಾರಿಸಿದ್ದೀರಾ? ಅವರ ಆತ್ಮಕಥೆ ‘ಹೋರಾಟದ ಹಾದಿ’ಯಿಂದ ಪುಟಗಟ್ಟಲೆ ಎತ್ತಿ ಹಾಕಿದ್ದರೆ ಬರೀ ‘ಕೃಪೆ’ ಎಂದು ಬರೆದರೆ ಸಾಲದು. ಅವರು ತೀರಿಕೊಂಡದ್ದು 2005ರ ಜನವರಿ 31ರಂದು. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ ಕೃತಿಸ್ವಾಮ್ಯ ಇರುತ್ತದೆ, ಅಂದರೆ 2065ರ ಕೊನೆಯವರೆಗೆ. ವಿಮರ್ಶೆಗೆ, ಚರ್ಚೆಗೆ ನಾಲ್ಕು ಸಾಲು ಉದ್ಧರಿಸುವುದಕ್ಕೆ ಕಾನೂನಿನಲ್ಲಿ ಅವಕಾಶ ಇದೆ, ಅಧ್ಯಾಯಕ್ಕೆ ಅಧ್ಯಾಯ ಎತ್ತಿಕೊಳ್ಳುವುದಕ್ಕೆ ಇಲ್ಲ. ಹಕ್ಕುದಾರರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಉದ್ಧರಿಸಿದ ಭಾಗಕ್ಕೆ ಎಡ ಅಂಚನ್ನು ಸ್ವಲ್ಪ ಒಳಕ್ಕೆ ತಳ್ಳಿ, ಅವರ ಮಾತು ಯಾವುದು, ನಿಮ್ಮ ಮಾತು ಯಾವುದು ಎಂಬುದು ಪುಟ ನೋಡಿದ ಕೂಡಲೇ ತಿಳಿಯಲಿ.

ಗೆರೆಬಳ್ಳಿ (ತುಮಕೂರು)

ಒಳಕ್ಕೆ ತಳ್ಳಿದರೆ ಸಾಕು, ದಯವಿಟ್ಟು ಕನ್ನಡ ಅಕ್ಷರವನ್ನು ಓರೆ ಮಾಡಬೇಡಿ. ಇಂಗ್ಲಿಷಿನ ಇಟಾಲಿಕ್ ನೋಡಿ ನಮ್ಮ ದುಂಡು ಅಕ್ಷರವನ್ನು ಬಾಗಿಸಿದರೆ ಕುಡಿದು ನಿಂತಂತೆ ಕಾಣುತ್ತದೆ.

ಪಿನಾಕಿನಿ ದಂಡೆ (ಗೌರಿಬಿದನೂರು)

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಗೆಳೆಯರೆಲ್ಲ ಕುಳಿತು ಈ ಚರ್ಚೆಯನ್ನು ಗಟ್ಟಿಯಾಗಿ ಓದಿದೆವು. ಸೂರ್ಯ ಹೋದ. ಎ.ಐ. ಚಿತ್ರ ಬೇಡ. ನಡುವೆ ಆರ್ಟ್ ಪೇಪರಿನ ಎಂಟು ಪುಟ, ಉಳಿದೆಡೆ ರೇಖಾಚಿತ್ರ, 12ಕ್ಕೆ 18, ಹೊಲಿಗೆ ಬೈಂಡಿಂಗ್, ಇವಿಷ್ಟು ಒಪ್ಪಿಗೆಯಾಗಿದೆ. ಮುಖಪುಟದಲ್ಲಿ ಮುಖವೇ ಇರುವುದಿಲ್ಲ: ಒಳಗೆ ಹಾಕಬೇಕೆಂದಿದ್ದ ನಕ್ಷೆಯನ್ನೇ ಹಿಂಬದಿಯಿಂದ ಮುಂಬದಿಗೆ ಹರಡಿ, ಹಿಂದೆ ಹೊಸೂರು, ಮುಂದೆ ಬೆಂಗಳೂರು, ರೈಲುಹಳಿ ಕಪ್ಪಿನಲ್ಲಿ, ಶೀರ್ಷಿಕೆ ಮಣ್ಣಿನ ಕೆಂಪಿನಲ್ಲಿ. ಟೋಪಿ ಧರಿಸಿದ ಫೋಟೊ ಕೊನೆಯ ಪುಟದಲ್ಲಿ, ಮುಂದಿನ ಬದುಕಿನ ಹತ್ತು ಸಾಲಿನ ಪರಿಚಯದ ಪಕ್ಕದಲ್ಲಿ ಬರುತ್ತದೆ.

ನಿವೃತ್ತ ಮೇಷ್ಟ್ರು (ಬಾಗೇಪಲ್ಲಿ)

ಕೊನೆಯ ಪುಟವೇ! ಮಳಿಗೆಯಲ್ಲಿ ಮಾರಾಟಕ್ಕೆ ಕೂರುವವರು ಯಾರು, ನೀವೋ ನಕ್ಷೆಯೋ? ಭೂಗೋಳದ ಪುಸ್ತಕ ಎಂದುಕೊಂಡು ಹೋಗುತ್ತಾರೆ, ಬರೆದಿಟ್ಟುಕೊಳ್ಳಿ.

ಅಚ್ಚುಮೊಳೆ (ಚಿಕ್ಕಬಳ್ಳಾಪುರ)

ನಕ್ಷೆ ಹಿಂದೆ ಮುಂದೆ ಹರಡುವುದಾದರೆ ಬೆನ್ನುಪಟ್ಟಿಯ ದಪ್ಪ ಗೊತ್ತಾಗದೆ ಮುಖಪುಟದ ಅಂತಿಮ ಕಡತ ಮಾಡಿಸಬೇಡಿ. ಬರಿ ಹಾಳೆಯ ಒಂದು ಡಮ್ಮಿ ಪ್ರತಿ ಕಟ್ಟಿಸಿ ಅಳೆಯಿರಿ, ಇಲ್ಲದಿದ್ದರೆ ದೊಡ್ಡಬಳ್ಳಾಪುರ ಬೆನ್ನಿನ ಮಡಿಕೆಯಲ್ಲಿ ಮುಚ್ಚಿಹೋಗುತ್ತದೆ. ಹಿಂಬದಿಯಲ್ಲಿ ಐ.ಎಸ್.ಬಿ.ಎನ್. ಬಾರ್‌ಕೋಡಿಗೆ ಬಿಳಿ ಚೌಕ ಬೇಕು. ಅದು ಹೊಸೂರಿನ ಮೇಲೆ ಕೂರದಂತೆ ನೋಡಿಕೊಳ್ಳಿ.

ರೇಷ್ಮೆಗೂಡು (ಶಿಡ್ಲಘಟ್ಟ)

ಅತ್ತಿಬೆಲೆಯ ಮೇಲೆ ಕೂರಿಸಿ. ನಮ್ಮ ಶಾಲೆಗೆ ಹತ್ತು ಪ್ರತಿ ಬೇಕು, ಬೆಲೆ ಎಷ್ಟೆಂದು ತಿಳಿಸಿದರೆ ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಇಡುತ್ತೇನೆ.